ಹಿತ್ತಲ ಬಾವಿಯ ಕೆಂಪು ಗಂಟು

ಬಿಯರನ್ನು ಎಷ್ಟು ತಣ್ಣಗೆ ಮಾಡಿ ಕುಡಿಯಬೇಕು ಎಂಬ ವಿಚಾರದಲ್ಲಿ ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ಇದ್ದಷ್ಟು ಭಿನ್ನಾಭಿಪ್ರಾಯ ಈರುಳ್ಳಿಯ ದರದ ಬಗ್ಗೆಯೂ ಇರಲಿಲ್ಲ. ಕೇರಳದ ಲಾರಿ ಡ್ರೈವರುಗಳು ಬಾಟಲಿಗೆ ಒದ್ದೆ ಟವಲು ಸುತ್ತಿ ಕಿಟಕಿಯಾಚೆ ಕಟ್ಟಿಬಿಟ್ಟರೆ ಗಡಿಯ ಮದ್ದೂರಿನ ಕಾಡು ದಾಟುವಷ್ಟರಲ್ಲಿ ಗಾಳಿಗೇ ತಣ್ಣಗಾಗುತ್ತದೆ, ಊರು ಮುಟ್ಟಿದ ಮೇಲೆ ನಿಂಬೆಹಣ್ಣು ಹಿಂಡಿ, ಉಪ್ಪು ಸವರಿದ ಹಸಿಮೆಣಸಿನಕಾಯಿ ಕಚ್ಚಿಕೊಂಡು ಕುಡಿಯಬೇಕು ಎನ್ನುತ್ತಿದ್ದರು. ಹಮಾಲಿಗಳದು ಗ್ಲಾಸಿಗೇ ಐಸು ಹಾಕಿಕೊಳ್ಳುವ ಪಂಗಡ. ಐಸು ಹಾಕುವವನಿಗೆ ಬಿಯರೂ ಗೊತ್ತಿಲ್ಲ, ನೀರೂ ಗೊತ್ತಿಲ್ಲ ಎಂದು ಡ್ರೈವರುಗಳು ಹಂಗಿಸುತ್ತಿದ್ದರು.

ಈ ವ್ಯಾಜ್ಯಗಳಿಗೆಲ್ಲ ತೀರ್ಪು ಕೊಡುತ್ತಿದ್ದವನು ತೂಕದ ರೈಟರ್ ಶಂಭುಲಿಂಗಪ್ಪ. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಕಿವಿಯ ಮೇಲೆ ಪೆನ್ನು. ನಲವತ್ತನಾಲ್ಕು ವರ್ಷದ ಈ ಮನುಷ್ಯ ಜೀವನದಲ್ಲಿ ಕುಡಿದದ್ದು ಒಂದೇ ಒಂದು ಗ್ಲಾಸು ಬಿಯರು. ಅದೂ ಮೈಸೂರಿನಲ್ಲಿ, ಸ್ನೇಹಿತನ ಮದುವೆಯ ಹಿಂದಿನ ದಿನ. ಕುಡಿದು ಛತ್ರದ ಅಕ್ಕಿಮೂಟೆಗಳ ನಡುವೆ ಮಲಗಿದವನನ್ನು ಮಾರನೆಯ ದಿನ ಧಾರೆಯಾದ ಮೇಲೆ ಹುಡುಕಿ ತೆಗೆದಿದ್ದರು. ಆದರೆ ತೀರ್ಪು ಕೊಡುವುದಕ್ಕೆ ಅನುಭವ ಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ಶಂಭುಲಿಂಗಪ್ಪನಿಗೆ ಧೈರ್ಯವಿತ್ತು, ಅದು ಸಾಕಾಗಿತ್ತು.

"ಐಸೂ ಅಲ್ಲ, ಗಾಳಿನೂ ಅಲ್ಲ," ಎಂದು ಅವನು 2004ರ ಏಪ್ರಿಲ್ ತಿಂಗಳ ಒಂದು ಗುರುವಾರ ತಕ್ಕಡಿಯ ಪಕ್ಕ ನಿಂತು ಘೋಷಿಸಿದ. "ತಂಪು ಒಳಗಿಂದ ಬರಬೇಕು. ಬಾಟಲಿ ಮುಟ್ಟಿದ್ರ ಕೈ ಜುಂ ಅನ್ನಬೇಕು, ಕುಡುದ್ರ ಹಲ್ಲು ಜುಂ ಅನ್ನಬಾರ್ದು. ಅದು ಲೆಕ್ಕ!"

ಹಮಾಲಿಗಳು ತಲೆದೂಗಿದರು. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಕೇಳಿಸಿತು.

"ಏನಯ್ಯ ಮೊಸರನ್ನ, ನಿಂಗೂ ಬಿಯರ್‌ಗೂ ಏನಯ್ಯ ಸಂಬಂಧ?"

ಈರುಳ್ಳಿ ಕೊಳ್ಳಲು ಚೀಲ ಹಿಡಿದು ಬಂದಿದ್ದವರು ಶಿವರುದ್ರಸ್ವಾಮಿ. ಶಂಭುಲಿಂಗಪ್ಪನ ಹೆಂಡತಿ ಸುಧಾಮಣಿಗೆ ಸೋದರಮಾವ, ಮಿಲಿಟರಿಯಲ್ಲಿ ಸುಬೇದಾರರಾಗಿ ನಿವೃತ್ತರಾಗಿ ಗುಂಡ್ಲುಪೇಟೆಯಲ್ಲಿ ಮನೆ ಮಾಡಿದ್ದವರು. ಹದಿನೇಳು ವರ್ಷದ ಹಿಂದೆ ಮದುವೆಯ ಊಟದಲ್ಲಿ ಹೋಳಿಗೆ, ಚಿರೋಟಿ ಎಲ್ಲವನ್ನೂ ಬಿಟ್ಟು ಮೂರು ಸಲ ಮೊಸರನ್ನ ಹಾಕಿಸಿಕೊಂಡ ಮದುಮಗನನ್ನು ಅವರು ಅಂದೇ ತೂಕ ಮಾಡಿ ಹೆಸರಿಟ್ಟಿದ್ದರು. ಆ ಹೆಸರು ನೆಂಟರಿಷ್ಟರಲ್ಲೆಲ್ಲ ಹಬ್ಬಿ, ಲಗ್ನಪತ್ರಿಕೆ ಕೊಡಲು ಬಂದವರೂ "ಮೊಸರನ್ನದವರ ಮನೆ ಯಾವ್ದು?" ಎಂದು ಕೇಳುವಂತಾಗಿತ್ತು. ಆದರೆ ಮಂಡಿಯವರಿಗೆ ಅದು ಇವತ್ತಿನವರೆಗೂ ಗೊತ್ತಿರಲಿಲ್ಲ. ಈಗ ಹಮಾಲಿಗಳು ಕಿಸಕ್ಕೆಂದರು.

ಶಂಭುಲಿಂಗಪ್ಪನ ಕಿವಿ ಬಿಸಿಯಾಯಿತು. "ಭಾನುವಾರ ಹರದನಹಳ್ಳಿಗೆ ಬನ್ನಿ ಮಾವ," ಎಂದ ಅವನು ಎಲ್ಲರಿಗೂ ಕೇಳುವಂತೆ. "ನಮ್ಮ ತೋಟದಲ್ಲಿ ಕುಡುಸ್ತೀನಿ. ಇಂಥ ತಂಪು ನಿಮ್ಮ ಮಿಲಿಟರೀಲೂ ನೋಡಿರಕಿಲ್ಲ."

"ಬತ್ತೀನಿ," ಎಂದರು ಸುಬೇದಾರರು. ಅವರು ಒಮ್ಮೆ ಬರುತ್ತೇನೆಂದರೆ ಬರುವವರೇ.

ಸವಾಲು ಹಾಕಿದ ಮೇಲೆ ಶಂಭುಲಿಂಗಪ್ಪನಿಗೆ ಮನೆಯ ನೆನಪಾಯಿತು. ಹರದನಹಳ್ಳಿಯ ಅವನ ಮನೆಯಲ್ಲಿ ಒಂದು ಫ್ರಿಜ್ಜೇನೋ ಇತ್ತು. ಆದರೆ ಅದರ ಆಡಳಿತ ಅವನ ತಾಯಿ ಚಿಕ್ಕಮಲ್ಲಮ್ಮನದು. ಮೇಲಿನ ಅಂತಸ್ತಿನಲ್ಲಿ ಪೂಜೆಯ ಹೂವು ಮತ್ತು ಬಿಲ್ವಪತ್ರೆ, ನಡುವೆ ಹಾಲು ಮೊಸರು, ಕೆಳಗೆ ತರಕಾರಿ. ಮೊಟ್ಟೆಗೂ ಅಲ್ಲಿ ಪ್ರವೇಶವಿರಲಿಲ್ಲ. ಹಿಂದೊಮ್ಮೆ ಮಗುವಿಗೆ ನಿಶ್ಶಕ್ತಿಯೆಂದು ಡಾಕ್ಟರು ಹೇಳಿದರೆಂದು ಸುಧಾಮಣಿ ಒಂದೇ ಒಂದು ಕೋಳಿಮೊಟ್ಟೆಯನ್ನು ಸಕ್ಕರೆ ಡಬ್ಬಿಯಲ್ಲಿ ಅಡಗಿಸಿ ತಂದಿದ್ದಕ್ಕೆ, ಚಿಕ್ಕಮಲ್ಲಮ್ಮ ಒಂದು ಮಾತನ್ನೂ ಆಡದೆ ಲಿಂಗದ ಕರಡಿಗೆ, ಎರಡು ಸೀರೆ ಹಿಡಿದು ಮಗಳ ಮನೆಗೆ ಹೋಗಿ ಇಪ್ಪತ್ತೆರಡು ದಿನ ಕೂತುಬಿಟ್ಟಿದ್ದರು. ಆ ಇಪ್ಪತ್ತೆರಡು ದಿನ ಹಸು ಹಾಲು ಕೊಡಲಿಲ್ಲ, ಶಂಭುಲಿಂಗಪ್ಪನಿಗೆ ಅನ್ನ ಸೇರಲಿಲ್ಲ. ಅವ್ವನಿಲ್ಲದ ಮನೆ ಅವನಿಗೆ ಮನೆಯಾಗಿಯೇ ಕಾಣುತ್ತಿರಲಿಲ್ಲ. ಕೊನೆಗೆ ಹೋಗಿ ಕಾಲು ಹಿಡಿದುಕೊಂಡು ಅತ್ತು ಕರೆದುಕೊಂಡು ಬಂದಿದ್ದ.

ಬರುವಾಗ ಆಕೆ ಒಂದು ಷರತ್ತು ಹಾಕಿದ್ದರು. "ಮೊಟ್ಟ ಆಯ್ತು. ಇನ್ನು ಬಾಟ್ಲಿ ಗೀಟ್ಲಿ ಈ ಮನ ಹೊಸ್ತಿಲು ದಾಟಿ ಒಳಕ್ಕ ಬಂದ ದಿನ ನಾ ಹೊರಕ್ಕ. ಮತ್ತ ಕರಿಯಾಕ ಬರಬ್ಯಾಡ."

ಹೀಗಾಗಿ ಬಿಯರು ತಣ್ಣಗಾಗಬೇಕಿತ್ತು, ಮಾವ ಬೆಚ್ಚಿಬೀಳಬೇಕಿತ್ತು, ಅವ್ವನಿಗೆ ಮಾತ್ರ ಗಾಳಿಯೂ ಸೋಕಬಾರದಿತ್ತು. ಬೇರೆಯವರಾದರೆ ಹೆದರುತ್ತಿದ್ದರು. ಶಂಭುಲಿಂಗಪ್ಪ ಶನಿವಾರ ಮಧ್ಯಾಹ್ನ ಸಿಳ್ಳೆ ಹಾಕುತ್ತ ಮಂಡಿಯಿಂದ ಹೊರಟ.

ಮೊದಲು ಗುಂಡ್ಲುಪೇಟೆಯಲ್ಲೇ ಒಂದು ಐಸುಗಡ್ಡೆ ಕೊಂಡು ಹೊಟ್ಟಿನಲ್ಲಿ ಹುದುಗಿಸಿ ಚೀಲಕ್ಕೆ ಹಾಕಿ ಬಸ್ಸು ಹತ್ತಿದ. ಆ ಐಸು ಕೇರಳದಿಂದ ಬಂದ ಮೀನಿನ ಪೆಟ್ಟಿಗೆಗಳ ಜೊತೆ ಬೆಳಗ್ಗೆಯಿಂದ ಸಹವಾಸ ಮಾಡಿದ್ದು ಎಂಬುದು ತೆರಕಣಾಂಬಿ ಬರುವಷ್ಟರಲ್ಲಿ ಇಡೀ ಬಸ್ಸಿಗೆ ಗೊತ್ತಾಯಿತು.

"ಯಾರ್ರೀ ಅದು ಮೀನು ತಂದಿರೋದು? ಇಳೀರಿ ಕೆಳಗೆ!" ಎಂದು ಕಂಡಕ್ಟರ್ ಕೂಗಿದ. ಸೀಟಿನ ಕೆಳಗಿಂದ ನೀರು ಹರಿದು ಎಲ್ಲರ ಚಪ್ಪಲಿ ತೋಯುತ್ತಿತ್ತು. ಎಲ್ಲರೂ ಎಲ್ಲರನ್ನೂ ನೋಡಿದರು. ಮೂರು ಬೆರಳಿನ ವಿಭೂತಿಯ ಶಂಭುಲಿಂಗಪ್ಪನನ್ನು ಮಾತ್ರ ಯಾರೂ ನೋಡಲಿಲ್ಲ. ಅವನೂ ಮೂಗಿಗೆ ಕರವಸ್ತ್ರ ಹಿಡಿದು, "ಏನ್ ಜನವಪ್ಪ," ಎಂದು ಕಿಟಕಿಯಾಚೆ ನೋಡಿದ. ಚಾಮರಾಜನಗರದಲ್ಲಿ ಇಳಿಯುವಾಗ ಅವನ ಚೀಲದಲ್ಲಿ ಒದ್ದೆ ಹೊಟ್ಟು ಬಿಟ್ಟು ಬೇರೇನೂ ಉಳಿದಿರಲಿಲ್ಲ.

ಅಲ್ಲಿಂದ ನೆಟ್ಟಗೆ ಅಪ್ಸರ್ ಪಾಷಾನ ಅಂಗಡಿಗೆ ಹೋದ. ಪಾಷಾ ಫ್ರಿಜ್ ಮೆಕ್ಯಾನಿಕ್. ಹೊಟ್ಟೆ ಬಿಚ್ಚಿದ ಒಂದು ಫ್ರಿಜ್ಜಿನ ಮುಂದೆ ಕೂತು ಅದರ ಪೈಪಿಗೆ ಕಿವಿಕೊಟ್ಟು ಕೇಳುತ್ತಿದ್ದ.

"ನೋಡಿ ರೈಟ್ರೇ," ಎಂದ ಪಾಷಾ ಎಲ್ಲವನ್ನೂ ಕೇಳಿಸಿಕೊಂಡು. "ನಾನು ಒಂದು ತೊಟ್ಟೂ ನಾಲಿಗೆಗೆ ಮುಟ್ಸಿಲ್ಲ, ಅಲ್ಲಾನಾಣೆ. ಆದ್ರೆ ಇಪ್ಪತ್ತು ವರ್ಷದಿಂದ ಈ ಕಡೆ ಬಾರ್‌ಗಳ ಫ್ರಿಜ್ಜೆಲ್ಲಾ ನನ್ ಕೈಲೇ ಉಸಿರಾಡ್ತಾ ಇರೋದು. ಬಿಯರ್ ಬಗ್ಗೆ ಕುಡಿಯೋರಿಗಿಂತ ನನಗೇ ಜಾಸ್ತಿ ಗೊತ್ತು. ಫ್ರೀಜರ್‌ನಲ್ಲಿ ಇಟ್ರೆ ಬಾಟ್ಲು ಒಡೀತದೆ. ಐಸ್ ಹಾಕಿದ್ರೆ ರುಚಿ ಸತ್ತೋಗ್ತದೆ. ತಂಪು ನಿಧಾನಕ್ಕೆ ಹತ್ಬೇಕು. ನಿಮ್ ಹಿತ್ತಲಲ್ಲಿ ಬಾವಿ ಐತಲ್ಲ?"

"ಅದ."

"ಮತ್ತಿನ್ನೇನು! ದೇವ್ರು ಕೊಟ್ಟ ಫ್ರಿಜ್ಜು ಅದು. ಕರೆಂಟ್ ಹೋಗಲ್ಲ, ಗ್ಯಾಸ್ ಲೀಕ್ ಆಗಲ್ಲ, ನಾನು ಬರೋದೂ ಬೇಡ. ಬಟ್ಟೆ ಸುತ್ತಿ ಸಂಜೆ ಇಳಿಬಿಡಿ, ಮಾರನೇ ದಿನ ಮಧ್ಯಾಹ್ನ ತೆಗೀರಿ. ನಿಮ್ ಮಾವ ಸಲ್ಯೂಟ್ ಹೊಡೀತಾರೆ."

ಶಂಭುಲಿಂಗಪ್ಪ ಆನಂದದಿಂದ ಪಾಷಾನ ಕೈ ಹಿಡಿದು ಕುಲುಕಿದ. ಬಾವಿ ಹಿತ್ತಲಲ್ಲಿತ್ತು, ಹೊಸ್ತಿಲು ಮನೆಗಿತ್ತು. ಬಾಟಲಿ ಹಿತ್ತಲ ಬೇಲಿಯಿಂದ ಬಂದು ಬೇಲಿಯಿಂದಲೇ ತೋಟಕ್ಕೆ ಹೋದರೆ ಅವ್ವನ ಮಾತು ಒಂದಕ್ಷರವೂ ಮುರಿಯುವುದಿಲ್ಲ. ಇನ್ನು ಪೂಜೆಯ ನೀರು? ಅದಕ್ಕೂ ಅಡ್ಡಿಯಿರಲಿಲ್ಲ. ಹಿತ್ತಲಲ್ಲಿ ಎಳನೀರಿನಂಥ ಬಾವಿಯಿದ್ದರೂ ಚಿಕ್ಕಮಲ್ಲಮ್ಮ ಪೂಜೆಗೆ ಮಾತ್ರ ಆ ನೀರನ್ನು ಬಳಸುತ್ತಿರಲಿಲ್ಲ. ದಿನಾ ಬೆಳಗ್ಗೆ ತಾಮ್ರದ ಬಿಂದಿಗೆ ಹಿಡಿದು ಊರ ದೇವಸ್ಥಾನದ ಬಾವಿಗೆ ಹೋಗಿ ಹೊತ್ತು ತರುತ್ತಿದ್ದರು. ಶಂಭುಲಿಂಗಪ್ಪ ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ಹಾಗೆಯೇ. ಎಂಥ ಭಕ್ತಿ ಎಂದು ಊರೇ ಹೊಗಳುತ್ತಿತ್ತು. ಅವ್ವನ ಭಕ್ತಿ ಇಷ್ಟು ಉಪಯೋಗಕ್ಕೆ ಬರುತ್ತದೆಂದು ಅವನಿಗೆ ಇವತ್ತೇ ತಿಳಿದದ್ದು.

ಆ ಸಂಜೆ ಅವ್ವ ದೇವಸ್ಥಾನಕ್ಕೆ, ಸುಧಾಮಣಿ ಪಕ್ಕದ ಮನೆಯ ತಾಂಬೂಲಕ್ಕೆ ಹೋದಾಗ ಅವನು ಕೆಲಸಕ್ಕಿಳಿದ. ಚಾಮರಾಜನಗರದಲ್ಲಿ ಕೊಂಡು ತಂದು ಬೇಲಿಯಲ್ಲಿ ಅಡಗಿಸಿದ್ದ ನಾಲ್ಕು ಬಾಟಲಿ ಇದ್ದವು. ಸುತ್ತಲು ಬಟ್ಟೆ ಬೇಕಿತ್ತು. ಹೆಂಡತಿಗೆ ಯಾರೋ ಮಡಿಲು ತುಂಬಿದ್ದ ಕೆಂಪು ರವಿಕೆ ಕಣ ಗೂಟದಲ್ಲಿ ನೇತಾಡುತ್ತಿತ್ತು, ಅದನ್ನು ಸುತ್ತಿದ. ಕಟ್ಟಲು ದಾರ ಬೇಕಿತ್ತು. ಅರಿಸಿನದ ಮೂಟೆ ಹೊಲಿದು ಉಳಿದ ಹುರಿ ಕೊಟ್ಟಿಗೆಯಲ್ಲಿ ಬಿದ್ದಿತ್ತು, ಮೂಟೆಗಳ ಸಹವಾಸಕ್ಕೆ ಹಳದಿಯಾಗಿದ್ದ ಅದನ್ನೇ ಬಿಗಿದ. ಡ್ರೈವರುಗಳು ಹೇಳಿದ ಶಾಸ್ತ್ರವೂ ಬಿಟ್ಟುಹೋಗಬಾರದೆಂದು, ತಣ್ಣಗಿರಲಿ ಎಂದು ಅದೇ ಗಂಟಿನೊಳಗೆ ಐದು ನಿಂಬೆಹಣ್ಣು, ಒಂದು ಹಿಡಿ ಹಸಿಮೆಣಸಿನಕಾಯಿ ತುರುಕಿದ.

ಬಾವಿಯ ಒಳಗೋಡೆಯಲ್ಲಿ, ಕೈಗೆಟುಕುವಷ್ಟು ಕೆಳಗೆ, ಒಂದು ಕಬ್ಬಿಣದ ಬಳೆ ಇತ್ತು. ತೀರಿಕೊಂಡ ಅಪ್ಪ ಯಾವ ಕಾಲದಲ್ಲೋ ಹೊಡೆಸಿದ್ದು. ಯಾತಕ್ಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹುರಿಯ ತುದಿಯನ್ನು ಅದಕ್ಕೆ ಕಟ್ಟಿದಾಗ ಅಳತೆ ಕೊಟ್ಟು ಮಾಡಿಸಿದ ಹಾಗೆ ಒದಗಿತು. ಹನ್ನೆರಡು ವರ್ಷದ ಹಿಂದೆ ಹೋದ ಅಪ್ಪನ ದೂರದೃಷ್ಟಿಯನ್ನು ನೆನೆದು ಶಂಭುಲಿಂಗಪ್ಪನ ಕಣ್ಣು ತೇವವಾಯಿತು.

ಭಾನುವಾರ ಬೆಳಗ್ಗೆ ಏಳು ಗಂಟೆಗೆ ಹಿತ್ತಲಿನಿಂದ ಕೇಳಿಬಂದ ಕೂಗಿಗೆ ಬೀದಿಯ ನಾಯಿಗಳೆಲ್ಲ ಒಮ್ಮೆಲೇ ಬೊಗಳಿದವು.

ಕೂಗಿದವಳು ಪಕ್ಕದ ಮನೆಯ ಮರಿತಾಯಮ್ಮ. ನೀರು ಸೇದಲು ಬಂದು ಬಗ್ಗಿ ನೋಡಿದರೆ ನೀರಿನ ಮೇಲೆ ಎರಡು ನಿಂಬೆಹಣ್ಣು, ನಾಲ್ಕಾರು ಮೆಣಸಿನಕಾಯಿ ತೇಲುತ್ತಿವೆ. ಅದರ ಕೆಳಗೆ ಮಸುಕಾಗಿ ಕೆಂಪು ಬಟ್ಟೆಯ ಗಂಟು, ಗಂಟಿಗೆ ಹಳದಿ ದಾರ. ಆಕೆಯ ಕೈಯಿಂದ ಹಗ್ಗ ಜಾರಿತು. ಕೊಡ ದಡಾರನೆ ಹುರಿಯ ಮೇಲೆ ಬಿತ್ತು, ಹಳೇ ಹುರಿ ಪಟ್ಟೆಂದು ಹರಿಯಿತು, ಕೊಡವೂ ಗಂಟೂ ಜೊತೆಯಾಗಿ ತಳ ಸೇರಿದವು.

"ನಾ ನೋಡ್ತಾ ಇದ್ದಂಗೇ ಗಂಟು ತಾನೇ ಕೆಳಕ್ಕ ಓಯ್ತು ಕನ್ರವ್ವಾ! ನನ್ ಕೊಡನೂ ಎಳ್ಕೊಂಡು ಓಯ್ತು!" ಎಂದು ಆಕೆ ಎದೆ ಬಡಿದುಕೊಂಡಳು. "ಮಾಟ! ಮಲಯಾಳದ ಮಾಟ! ಅದುಕ್ಕೇಯಾ ನನ್ ಎಮ್ಮ ಎರಡು ತಿಂಗ್ಳಿಂದ ಒದಿತಾ ಇರದು!"

ಕಾಲು ಗಂಟೆಯಲ್ಲಿ ಹಿತ್ತಲು ತುಂಬಿತು. ಪಂಚಾಯ್ತಿ ಮೆಂಬರ್ ಮಂಟೇಸ್ವಾಮಿ ಹಲ್ಲುಜ್ಜುತ್ತಿದ್ದ ಬೇವಿನಕಡ್ಡಿಯ ಸಮೇತ ಬಂದ. ನಿಂಬೆಹಣ್ಣು ನೋಡಿದ. ಕಡ್ಡಿ ತೆಗೆದು ಉಗಿದ.

"ಇದು ಎಮ್ಮಗೆ ಮಾಡಿದ್ದಲ್ಲ ಕನಮ್ಮಿ. ಎಮ್ಮಗ ಯಾರು ಅಷ್ಟು ಖರ್ಚು ಮಾಡಾರು? ಇದು ನನಗ ಮಾಡ್ಸಿರದು. ಮುಂದ್ಲು ಎಲೆಕ್ಷನ್‌ಗ ನನ್ನ ಸೋಲ್ಸಾಕ ಗುಂಡ್ಲುಪ್ಯಾಟ ದಾಟಿ ಓಗಿ ಮಾಡಿಸ್ಕಂಡು ಬಂದವ್ರ."

"ನಿಂಗ್ಯಾಕಣ್ಣ ಮಾಡ್ಸಾರು? ನೀ ಹ್ಯಾಂಗೂ ಸೋಲ್ತೀಯ," ಎಂದಿತು ಹಿಂದಿನಿಂದ ಒಂದು ದನಿ.

ಇಡೀ ಊರಿನಲ್ಲಿ ಮಾಟ ಮಾಡಿಸಿಕೊಳ್ಳುವಷ್ಟು ಯೋಗ್ಯತೆ ಇರುವುದು ತನಗೊಬ್ಬನಿಗೇ ಎಂದು ಪ್ರತಿಯೊಬ್ಬರೂ ವಾದಿಸತೊಡಗಿದರು. ಒಬ್ಬನ ಮಗನಿಗೆ ಹೆಣ್ಣು ಸಿಕ್ಕಿರಲಿಲ್ಲ, ಒಬ್ಬನಿಗೆ ಮಂಡಿ ನೋವು. ಆದರೆ ಒಂದು ವಿಷಯದಲ್ಲಿ ಎಲ್ಲರೂ ಒಂದಾದರು. ಗಂಟನ್ನು ಮೇಲೆ ತೆಗೆದು ಎಲ್ಲರ ಮುಂದೆ ಬಿಚ್ಚಬೇಕು. ಊರಿನ ನೀರುಗಂಟಿ ಪುಟ್ಟಮಾದುವಿನ ಬಳಿ ಪಾತಾಳಗರಡಿ ಇತ್ತು. ಬಾವಿಗೆ ಬಿದ್ದ ಕೊಡಗಳನ್ನು ಎತ್ತುವ, ಸುತ್ತಲೂ ಕೊಕ್ಕೆಗಳಿರುವ ಆ ಕಬ್ಬಿಣದ ಗೊಂಚಲನ್ನು ತರಲು ಜನ ಓಡಿದರು.

ಶಂಭುಲಿಂಗಪ್ಪ ಬನಿಯನ್ನಿನಲ್ಲಿ ನಿಂತು ಬೆವರುತ್ತಿದ್ದ. ಚಿಕ್ಕಮಲ್ಲಮ್ಮ ಒಳಗೆ ಪೂಜೆಯಲ್ಲಿದ್ದರು, ಗಂಟೆಯ ಸದ್ದು ಕೇಳಿಸುತ್ತಿತ್ತು. ಪೂಜೆ ಮುಗಿಯಲು ಇನ್ನು ಒಂದು ಗಂಟೆ. ಅಷ್ಟರಲ್ಲಿ ಗಂಟು ಬಿಚ್ಚದೆ ಊರು ದಾಟಬೇಕಿತ್ತು. ಇಲ್ಲದಿದ್ದರೆ ಕರಡಿಗೆ, ಎರಡು ಸೀರೆ, ಮಗಳ ಮನೆ. ಈ ಸಲ ಕಾಲು ಹಿಡಿದರೂ ಬರುವುದಿಲ್ಲ.

"ಯಾರೂ ಮುಟ್ಟಬ್ಯಾಡಿ!" ಎಂದು ಅವನು ಬಾವಿಕಟ್ಟೆ ಹತ್ತಿ ಕೂಗಿದ. "ಮುಟ್ಟಿದೋರ್ಗ ತಗಲ್ಕತ್ತದ! ನಂಗ ತಿಳ್ದೋರೊಬ್ಬರು ಸಾಯ್ಬ್ರು ಅವ್ರ. ಕರ್ಕಂಡ್ ಬತ್ತೀನಿ. ಗಂಟು ಬಿಚ್ದಂಗೇ ತಕ್ಕೊಂಡೋಗಿ ದೂರಕ್ಕ ಹಾಕ್ತಾರ."

ಟಿವಿಎಸ್ ಗಾಡಿ ಚಾಮರಾಜನಗರದ ಕಡೆ ಹಾರಿತು. ಪಾಷಾ ಮನೆಯ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದ.

"ನಾನು ಫ್ರಿಜ್ ಮೆಕ್ಯಾನಿಕ್ ರೈಟ್ರೇ, ಮಂತ್ರ ಮಾಡೋನಲ್ಲ," ಎಂದು ಅವನು ಗಾಬರಿಯಾದ. "ನಾನು ಸುಳ್ಳು ಹೇಳಲ್ಲ."

"ಸುಳ್ಳು ಯಾರ್ ಹೇಳು ಅಂದ್ರು? ನಿಜಾನೇ ಹೇಳಿ. ಗಂಟು ಎತ್ಕೊಂಡು ಹೋಗಿ, ಅಷ್ಟು ಸಾಕು. ನಮ್ಮವ್ವ ಮನ ಬುಟ್ಟು ಓದ್ರ ನಾನು ಬದುಕಕಿಲ್ಲ ಸಾಯ್ಬ್ರೇ."

ಆ ಕೊನೆಯ ಮಾತು ಕೇಳಿ ಪಾಷಾ ಚಹಾ ಕೆಳಗಿಟ್ಟ. ಅಭ್ಯಾಸದಂತೆ ಸಾಮಾನಿನ ಚೀಲ ಹೆಗಲಿಗೇರಿಸಿ ಗಾಡಿ ಹತ್ತಿದ.

ಅವನು ಬಾವಿಕಟ್ಟೆಗೆ ಬಂದು ಬಗ್ಗಿ ನೋಡಿದಾಗ ನೂರು ಜನ ಉಸಿರು ಬಿಗಿಹಿಡಿದರು. ಚೀಲದಿಂದ ಇಣುಕುತ್ತಿದ್ದ ಗ್ಯಾಸಿನ ಮೀಟರನ್ನೂ ತಾಮ್ರದ ಕೊಳವೆಯನ್ನೂ ನೋಡಿ ಮರಿತಾಯಮ್ಮ ಕೈಮುಗಿದಳು.

"ಅಪಾಯ ಐತಾ ಸಾಯ್ಬ್ರೇ?" ಎಂದ ಮಂಟೇಸ್ವಾಮಿ.

ಪಾಷಾ ಸತ್ಯವನ್ನೇ ನುಡಿದ. "ಒಡೆದ್ರೆ ಅಪಾಯ."

ಜನ ಎರಡು ಹೆಜ್ಜೆ ಹಿಂದೆ ಸರಿದರು.

"ಬಿಸಿಲಿಗೆ ತೋರಿಸ್ಬಾರದು. ಅಲ್ಲಾಡಿಸ್ಬಾರದು. ಅಲ್ಲಾಡಿಸಿದ್ರೆ ನೊರೆ ಬರ್ತದೆ."

"ಬಾಯಲ್ಲಿ ನೊರೆ ಬತ್ತದಂತ ಕನ್ಲಾ!" ಎಂಬ ಸುದ್ದಿ ಹಿತ್ತಲಿನಿಂದ ಬೀದಿಗೆ ಹೋಯಿತು. ಮಂಡಿ ನೋವಿನವನು ಓಡಿಯೇ ಹೋದ, ಮಂಡಿ ನೋವಿನ ನೆನಪಿಲ್ಲದೆ.

ಎಲ್ಲವೂ ಸುಸೂತ್ರವಾಗುತ್ತಿದೆ ಎಂದು ಶಂಭುಲಿಂಗಪ್ಪ ಹಣೆಯ ಬೆವರೊರೆಸಿಕೊಳ್ಳುವ ಹೊತ್ತಿಗೆ ಬೀದಿಯಲ್ಲಿ ಬುಲೆಟ್ ಗಾಡಿ ಗುಡುಗಿತು. ಹನ್ನೊಂದು ಗಂಟೆಗೆ ಬರಬೇಕಾಗಿದ್ದ ಮಾವ ಮಿಲಿಟರಿ ಪದ್ಧತಿಯಂತೆ ಮೂರು ಗಂಟೆ ಮೊದಲೇ ಬಂದಿದ್ದರು.

"ಏನಿದು ಗಲಾಟೆ? ಮಾಟಾನಾ?" ಎಂದು ಸುಬೇದಾರ್ ಶಿವರುದ್ರಸ್ವಾಮಿ ಜನರನ್ನು ಸೀಳಿಕೊಂಡು ಬಂದರು. "ಬಾಂಬು ನೋಡಿದೋನಯ್ಯ ನಾನು. ಯಾವನಯ್ಯ ಅವನು ಗರಡಿ ಹಿಡ್ಕೊಂಡು ನಡುಗ್ತಿರೋನು? ಬಿಡು ಒಳಕ್ಕೆ! ಎತ್ತು ಮೇಲಕ್ಕೆ!"

"ಮಾವ, ಬ್ಯಾಡಿ ಮಾವ," ಎಂದ ಶಂಭುಲಿಂಗಪ್ಪ.

"ನೀನು ಸುಮ್ಮನಿರಯ್ಯ ಮೊಸರನ್ನ!"

ಪುಟ್ಟಮಾದು ಕಣ್ಣು ಮುಚ್ಚಿಕೊಂಡು ಪಾತಾಳಗರಡಿ ಇಳಿಬಿಟ್ಟ. ಆಚೆ ಈಚೆ ಎಳೆದ. ಏನೋ ಸಿಕ್ಕಿತು. ಆದರೆ ಮೇಲೆ ಬಂದದ್ದು ಕೆಂಪು ಗಂಟಲ್ಲ. ಪಾಚಿ ಹಿಡಿದು ಕಪ್ಪಾಗಿ ಕೊಳೆತ ಗೋಣಿತಾಟಿನ ಸಣ್ಣದೊಂದು ಗಂಟು. ತಂತಿಯಿಂದ ಚೌಕವಾಗಿ, ಅಚ್ಚುಕಟ್ಟಾಗಿ ಬಿಗಿದದ್ದು.

"ಹಳೇ ಮಾಟ!" ಎಂದು ಮರಿತಾಯಮ್ಮ ಕುಸಿದು ಕೂತಳು. "ನಮ್ಮತ್ತ ಕಾಲದ್ದು!"

ಎರಡನೆಯ ಸಲಕ್ಕೆ ಕೊಡ ಬಂತು. ಮೂರನೆಯ ಸಲಕ್ಕೆ ಕೆಂಪು ಗಂಟು ಬಂತು. ನೀರು ಸುರಿಸುತ್ತ ಕಟ್ಟೆಯ ಮೇಲೆ ಕೂತಾಗ ಒಳಗಿನಿಂದ ಕಿಣಿಕಿಣಿ ಎಂದಿತು. ಸುಬೇದಾರರ ಹುಬ್ಬು ಮೇಲೇರಿತು. ಆ ಸದ್ದು ಮೂವತ್ತು ವರ್ಷದಿಂದ ಅವರಿಗೆ ಪರಿಚಯ. ಅವರು ಅಳಿಯನ ಮುಖ ನೋಡಿದರು. ಅಳಿಯ ನೆಲ ನೋಡಿದ.

"ಬಿಚ್ಚಲಾ ಮಾದು," ಎಂದ ಮಂಟೇಸ್ವಾಮಿ. "ನನ್ ಹೆಸರೇ ಬರ್ದಿರ್ತದ, ನೋಡ್ಬುಡನ."

"ಬುಡು ಅದನ್ನ."

ಗದರಿದ ಮಾತಲ್ಲ ಅದು. ಆದರೂ ನೂರು ಜನ ಹಾದಿ ಬಿಟ್ಟರು. ಚಿಕ್ಕಮಲ್ಲಮ್ಮ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಒಣಗದಂತೆ ಬಂದು ನಿಂತಿದ್ದರು. ಕೆಂಪು ಗಂಟನ್ನು ಒಂದು ಸಲ ನೋಡಿದರು. ಮಗನನ್ನು ಒಂದು ಸಲ ನೋಡಿದರು. ಮನೆ ಖಾಲಿಯಾಗುವುದು ಅವನ ಕಣ್ಣಿಗೆ ಕಟ್ಟಿತು. ಈಗಲೇ ಎಲ್ಲ ಹೇಳಿ ಕಾಲಿಗೆ ಬೀಳೋಣವೆಂದು ಬಾಯಿ ತೆರೆದ. ಆದರೆ ಆಕೆಯ ಕಣ್ಣು ಅಷ್ಟರಲ್ಲಿ ಗೋಣಿತಾಟಿನ ಗಂಟಿನ ಮೇಲೆ ನೆಟ್ಟಿತ್ತು. ಬಗ್ಗಿ ಅದನ್ನು ಮುಟ್ಟಿದರು. ತಂತಿಯ ಕಟ್ಟಿನ ಮೇಲೆ ಬೆರಳಾಡಿಸಿದರು.

ಆಮೇಲೆ ಎರಡೂ ಗಂಟುಗಳನ್ನು ಸೆರಗಿನಲ್ಲಿ ಹಾಕಿಕೊಂಡು ಎದ್ದರು.

"ಅಮ್ಮಾರೇ, ಮುಟ್ಟಬ್ಯಾಡಿ!" ಎಂದಳು ಮರಿತಾಯಮ್ಮ.

"ಯಾಕವ್ವ ಮುಟ್ಟಬಾರ್ದು? ನಮ್ಮನ ಬಾವಿ. ನಮ್ಮನೋರೇ ಇಟ್ಟಿದ್ದು. ನಮ್ಮನ ಸಾಮಾನು. ಮಾಟನೂ ಇಲ್ಲ, ಮಣ್ಣೂ ಇಲ್ಲ. ನಿನ್ನೆಮ್ಮಗ ಉಣ್ಣಿ ಹಿಡ್ದದ, ಅದುಕ್ಕ ಒದಿತದ. ಮಂಟೇಸ್ವಾಮಿ, ನೀನು ಬೀದಿ ನಲ್ಲಿ ರಿಪೇರಿ ಮಾಡ್ಸಪ್ಪ, ಎಲೆಕ್ಷನ್ ತಾನೇ ಗೆಲ್ತೀಯ. ನಡೀರಿ, ಎಲ್ಲಾರೂ ನಿಮ್ ನಿಮ್ಮನಗ ನಡೀರಿ. ಸಾಯ್ಬ್ರೇ, ನೀವು ಕೂತ್ಕಳಿ, ಕಾಫಿ ಕುಡ್ಕಂಡು ಓಗಿ."

ಹೀಗೆಂದು ಆಕೆ ಗಂಟುಗಳನ್ನು ತೆಗೆದುಕೊಂಡು ಹೋದದ್ದು ಮನೆಯೊಳಕ್ಕಲ್ಲ, ಕೊಟ್ಟಿಗೆಗೆ. ಮಾಟದ ಗಂಟನ್ನು ಬರಿಗೈಯಲ್ಲಿ ಎತ್ತಿಕೊಂಡ ಶರಣೆಯನ್ನು ಕಂಡು ಊರು ಕೈಮುಗಿದುಕೊಂಡೇ ಚದುರಿತು.

ಮಧ್ಯಾಹ್ನ ಮಾವನೂ ಅಳಿಯನೂ ಅರಿಸಿನದ ತೋಟದ ಪಂಪ್‌ಹೌಸಿನ ನೆರಳಿನಲ್ಲಿ ಕೂತಿದ್ದರು. ಶಂಭುಲಿಂಗಪ್ಪನಿಗೆ ಮನೆಯ ಕಡೆ ನೋಡಲೂ ಧೈರ್ಯವಿರಲಿಲ್ಲ. ಅವ್ವ ಈಗ ಸೀರೆ ಮಡಿಚುತ್ತಿರಬಹುದು. ಈಗ ಬಸ್ಸಿಗೆ ಹೊರಟಿರಬಹುದು. ಅಷ್ಟರಲ್ಲಿ ಬದುವಿನ ಮೇಲೆ ಸುಧಾಮಣಿ ತಲೆಯ ಮೇಲೊಂದು ಮಂಕರಿ ಹೊತ್ತು ಬಂದಳು. ಮುಖ ಗಂಟಿಕ್ಕಿಕೊಂಡಿತ್ತು.

"ನನ್ ರವಿಕೆ ಕಣ ಬಿಟ್ರೆ ಬೇರೇನೂ ಸಿಕ್ಲಿಲ್ವಾ ನಿಮಗೆ?" ಎಂದು ಮಂಕರಿ ಇಳಿಸಿದಳು. "ಅತ್ತೆ ಕೊಟ್ಟು ಕಳ್ಸಿದಾರೆ. ಬಿಸಿಲಿಗಿಡಬೇಡಿ ಅಂತ ಹೇಳಿದ್ರು."

ಮಂಕರಿಯಲ್ಲಿ ಊಟದ ಕ್ಯಾ‍ರಿಯರಿನ ಪಕ್ಕ ಒದ್ದೆ ಗೋಣಿತಾಟು ಸುತ್ತಿದ ನಾಲ್ಕು ಬಾಟಲಿ. ಮುಟ್ಟಿದರೆ ಕೈ ಜುಂ ಎಂದಿತು. ಶಂಭುಲಿಂಗಪ್ಪನಿಗೆ ಎದೆಯೂ ಜುಂ ಎಂದಿತು.

"ಅವ್ವ ಎಲ್ಲಿ? ಹೊಂಟುಬುಟ್ರಾ?"

"ಎಲ್ಲಿಗೆ ಹೋಗ್ತಾರೆ? ಹಸುಗೆ ಹುಲ್ಲು ಹಾಕ್ತಾವ್ರೆ," ಎಂದು ಸುಧಾಮಣಿ ಹೊರಟುಹೋದಳು.

ಅವನು ಒಂದು ಬಾಟಲಿ ತೆಗೆದು ಮಾವನಿಗೆ ಒಪ್ಪಿಸಿದ. ಮಾವ ಅದನ್ನು ಕೆನ್ನೆಗೊತ್ತಿ ನೋಡಿ, "ವ್ಹಾ!" ಎಂದರು. ಆಮೇಲೆ ಎದ್ದು ಹೋಗಿ ಅದನ್ನು ಪಂಪ್‌ಹೌಸಿನ ಶೀಟಿನ ಮೇಲೆ ಬಿಸಿಲಿಗೆ ಇಟ್ಟು ಬಂದರು.

"ಮಾವ!"

"ಏನ್ ಮಾಡಲಯ್ಯ? ಲಡಾಖಿನಲ್ಲಿ ಆರು ವರ್ಷ ಹಿಮ ತಿಂದ ಹಲ್ಲು. ತಣ್ಣಗಿರೋದು ತಾಕಿದ್ರೆ ನೆತ್ತಿಗೇರ್ತದೆ. ಇಪ್ಪತ್ತು ವರ್ಷ ಆಯ್ತು ನಾನು ತಣ್ಣಗಿನ ಬಿಯರ್ ಕುಡಿದು. ಸ್ವಲ್ಪ ಬೆಚ್ಚಗಾಗ್ಲಿ ತಡಿ."

ಶಂಭುಲಿಂಗಪ್ಪ ಒಂದು ಗುಟುಕು ಕುಡಿದ. ಹಾಗಲಕಾಯಿಯ ನೀರಿನಂತೆ ಕಹಿ. ಕ್ಯಾರಿಯರಿನ ಮುಚ್ಚಳ ತೆಗೆದರೆ ಸಾಸಿವೆ ಒಗ್ಗರಣೆಯ ಮೊಸರನ್ನ. ಅವನು ಯಾರ ಮುಲಾಜೂ ಇಲ್ಲದೆ ಅದಕ್ಕೇ ಕೈ ಹಾಕಿದ. ಸ್ವಲ್ಪ ಹೊತ್ತಿಗೆ ಮಾವನೂ ಕೈ ಹಾಕಿದರು.

"ಈ ಮೊಸರನ್ನ ಮಾತ್ರ ತಣ್ಣಗಿದ್ರೂ ಹಲ್ಲಿಗೇನೂ ಆಗಲ್ಲ ಕಣಯ್ಯ," ಎಂದರು ಬೆರಳು ನೆಕ್ಕುತ್ತ. ಅವರಿಂದ ಅದಕ್ಕಿಂತ ದೊಡ್ಡ ಮಾತು ಅವನು ನಿರೀಕ್ಷಿಸುವಂತಿರಲಿಲ್ಲ.

ಸಂಜೆ ಅವನು ಮನೆಗೆ ಬಂದಾಗ ಚಿಕ್ಕಮಲ್ಲಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ಹುಣಸೆಹಣ್ಣಿನಿಂದ ತಾಮ್ರದ ಬಿಂದಿಗೆ ತಿಕ್ಕುತ್ತಿದ್ದರು. ಅವನು ಬಂದು ಎರಡು ಮೆಟ್ಟಿಲು ಕೆಳಗೆ ಕೂತ.

"ಅವ್ವ, ತಪ್ಪಾಯ್ತು."

ಚಿಕ್ಕಮಲ್ಲಮ್ಮ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಕೆಂಪು ಬಟ್ಟ ಯಾಕಪ್ಪ ಸುತ್ತುದ? ಗೋಣಿತಾಟು ಸುತ್ತಬೇಕು. ಅದೇ ನೀರು ಹಿಡ್ಕಳದು, ಅದೇ ತಂಪು. ನಿಂಬೆಹಣ್ಣು ಹಾಕ್ಬಾರ್ದು. ಹುರಿ ಕಟ್ಬಾರ್ದು, ತಂತಿ ಕಟ್ಬೇಕು. ನಿಮ್ಮಪ್ಪ ಹಂಗೇ ಮಾಡ್ತಿದ್ರು."

ಶಂಭುಲಿಂಗಪ್ಪನ ನೆನಪಿನಲ್ಲಿದ್ದ ಅಪ್ಪನಿಗೆ ಎರಡೂ ಭುಜದ ಮೇಲೆ ವಿಭೂತಿಯಿತ್ತು. "ಅಪ್ಪಾನಾ?"

"ಮತ್ತ ಆ ಬಳೆ ಯಾತಕ್ಕ ಅಂದ್ಕಂಡಿದ್ದ? ತಿಂಗಳಿಗೊಂದ್ಸಲ ಸಂತೆಯಿಂದ ತತ್ತಿದ್ರು. ಬಾವೀಲಿ ಇಳಿಬುಡೋರು, ಹಿತ್ಲಲ್ಲೇ ಕುಡ್ದು, ಬಾಯಿ ತೊಳ್ಕಂಡು ಒಳಕ್ಕ ಬರೋರು. ಹೊಸ್ತಿಲು ದಾಟ್ಸಬ್ಯಾಡಿ ಅಂತ ನಾ ಅಂದಿದ್ದಿ, ಒಂದಿನಾನೂ ದಾಟ್ಸಲಿಲ್ಲ ಮಾರಾಯ್ರು. ಆ ನೀರ ಲಿಂಗಕ್ಕ ಹ್ಯಾಂಗಪ್ಪ ಎರಿಯಾದು? ಅದುಕ್ಕೇ ನಾನು ಬಿಂದಿಗ ಹೊತ್ತಿದ್ದು. ಊರೋರು ಬಕ್ತಿ ಅಂದ್ರು. ಅನ್ಕಳ್ಳಿ ಅಂತ ಸುಮ್ಮಗಿದ್ದಿ."

"ಅಪ್ಪ ಹೋಗಿ ಹನ್ನೆರಡು ವರ್ಷ ಆಯ್ತಲ್ಲವ್ವ. ಆಮೇಲೂ ಯಾಕ ಹೊತ್ರಿ?"

ಹುಣಸೆಹಣ್ಣು ಹಿಡಿದ ಕೈ ನಿಂತಿತು. "ಕೊನೇ ಸಲ ಇಳಿಬುಟ್ಟಿದ್ದ ತಂತಿ ಕಿತ್ತೋಗಿ ತಳಕ್ಕ ಓಗಿತ್ತು. ನಾಳ ಮಾದುನ ಕರ್ಸಿ ತೆಗುಸ್ತೀನಿ ಅಂದ್ರು. ನಾಳ ಅವರೇ ಇರ್ಲಿಲ್ಲ. ಅವ್ರ ಸಾಮಾನು ಅಲ್ಲಿರಗಂಟ ಆ ಬಾವಿ ಅವರ್ದೇ ಅನ್ನಿಸ್ತು ನಂಗ." ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇವತ್ತು ಬಂತು ಮ್ಯಾಕ್ಕ."

ಕೊಟ್ಟಿಗೆಯ ಗೂಡಿನಲ್ಲಿ, ಲಾಂದ್ರದ ಪಕ್ಕ, ಪಾಚಿಯೆಲ್ಲ ತೊಳೆದು ನಿಲ್ಲಿಸಿದ್ದ ಹಳೆಯ ಬಾಟಲಿಯೊಂದು ಶಂಭುಲಿಂಗಪ್ಪನಿಗೆ ಆಗ ಕಾಣಿಸಿತು.

"ಅದ ಮುಟ್ಟಬ್ಯಾಡ, ಅದು ನಿಂದಲ್ಲ," ಎಂದರು ಚಿಕ್ಕಮಲ್ಲಮ್ಮ. ಆಮೇಲೆ ಬಿಂದಿಗೆಯನ್ನು ನೀರಿನಲ್ಲಿ ಜಾಲಿಸಿ, ಬೆಳಕಿಗೆ ಹಿಡಿದು ನೋಡಿ, ಮಗನ ಮಡಿಲಲ್ಲಿಟ್ಟರು. "ಇದು ನಿಂದು. ನಿಮ್ಮಪ್ಪನ ಬಾಟ್ಲಿಗ ನಾನು ಹೊತ್ತಾಯ್ತು. ನಿನ್ ಬಾಟ್ಲಿಗ ನೀನೇ ಹೊರಬೇಕು ಕನಪ್ಪ. ನಾಳಯಿಂದ ಬೆಳಗಾಗ ಐದೂವರಗ ಏಳು."

ಮಾರನೆಯ ಬೆಳಗ್ಗೆಯಿಂದ ಹರದನಹಳ್ಳಿಯ ಬೀದಿಯಲ್ಲಿ ಒಂದು ಹೊಸ ದೃಶ್ಯ ಕಾಣತೊಡಗಿತು. ತೂಕದ ರೈಟರ್ ಶಂಭುಲಿಂಗಪ್ಪ ಮಿಂದು, ಒದ್ದೆ ಪಂಚೆಯುಟ್ಟು, ಹೆಗಲ ಮೇಲೆ ತಾಮ್ರದ ಬಿಂದಿಗೆ ಹೊತ್ತು ದೇವಸ್ಥಾನದ ಬಾವಿಯಿಂದ ಬರುತ್ತಿದ್ದ. ಮರಿತಾಯಮ್ಮ ರಂಗೋಲಿ ಹಾಕುತ್ತಿದ್ದವಳು ಎದ್ದು ನಿಂತು ಕೈಮುಗಿಯುತ್ತಿದ್ದಳು.

"ನೋಡ್ರವ್ವಾ, ಅವ್ವನ ಬಕ್ತಿ ಮಗನ್ಗೂ ಬಂದ್ಬುಡ್ತು. ಇಂತಾ ಬಕ್ತಿ ಎಲ್ಲಿಂದ ಬಂತು ರೈಟ್ರೇ?"

ಬಿಯರಿನ ವಿಷಯದಲ್ಲಿ ಅವನು ಮಂಡಿಯಲ್ಲಿ ಎಷ್ಟೋ ತೀರ್ಪು ಕೊಟ್ಟಿದ್ದ, ಒಂದಕ್ಕೂ ಅನುಭವದ ಆಧಾರವಿರಲಿಲ್ಲ. ಈ ಪ್ರಶ್ನೆಗೆ ಮಾತ್ರ ಅವನು ಬಿಂದಿಗೆಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ, ಪೂರ್ತಿ ಅನುಭವದಿಂದ ಉತ್ತರ ಕೊಟ್ಟ.

"ಎಲ್ಲಾ ನಮ್ಮಪ್ಪನ ಪುಣ್ಯ ಕನವ್ವಾ!"